ಎರಡು ಎಣಿಸುವಷ್ಟು ಹೊತ್ತು

ಫೆಬ್ರವರಿ 11

ಚೂಟಿ,

ಕಾಗದ ನೋಡಿ ಗಾಬರಿಯಾಗಬೇಡ, ನಾನು ಗುಂಡುಕಲ್ಲಿನ ಹಾಗಿದ್ದೇನೆ. ನೀನು ತಂದುಕೊಟ್ಟ ನೆಟ್ ಫೋನ್ ಮಾತ್ರ ಆರಿಹೋಗಿ ಅಲಮಾರಿನ ಕೆಳಗಿನ ಖಾನೆಯಲ್ಲಿ, ಹಳೆಯ ಸ್ವೆಟರುಗಳ ಅಡಿ ಮಲಗಿದೆ. ಆರಿಸಿದವಳು ನಾನೇ. ಮುಂದಿನ ಸಲ ಬಂದಾಗ ಗೋಡೆಗೆ ಹೊಡೆದು ಹೋಗಿರುವ ಆ ಮಿಣುಕು ದೀಪದ ಡಬ್ಬಿಯನ್ನೂ ಕಿತ್ತುಕೊಂಡು ಹೋಗು. ಕಾರಣ ಹೇಳುತ್ತೇನೆ, ಆದರೆ ನಿಮ್ಮಮ್ಮನ ಕಿವಿಗೆ ಬೀಳಕೂಡದು. ಅಕ್ಕನಿಗೆ ಒಂದು ಗುಟ್ಟು ಹೇಳುವುದೂ ಬೀದಿಯಲ್ಲಿ ನಿಂತು ಕೂಗುವುದೂ ಒಂದೇ.

ಟೈಲರ್ ಮಾಸ್ಟರ್ ಬಗ್ಗೆ ನಿನಗೆ ಹೇಳಿದ್ದೆನಲ್ಲ, ನಮ್ಮ ಆಸ್ಪತ್ರೆಗೆ ಬಿಳಿ ಕೋಟು, ಪರದೆ ಹೊಲಿದು ಕೊಡುತ್ತಿದ್ದವರು. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ನಾನು ಕೂತದ್ದು ಮೂವತ್ತೊಂದು ವರ್ಷ. ಅದರಲ್ಲಿ ಹದಿನೆಂಟು ವರ್ಷ ಅವರ ದನಿ ಕೇಳಿದ್ದೇನೆ. "ಮೇಡಂ, ಸ್ಟೋರ್ಸಿಗೆ ಲೈನ್ ಕೊಡ್ತೀರಾ, ಕೋಟು ರೆಡಿ ಇದೆ." ಅಷ್ಟೇ ಮಾತು. ಮುಖ ನೋಡಿದ್ದು ನಾಲ್ಕೋ ಐದೋ ಸಲ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತಂತೆ. ನಾನು ನಿವೃತ್ತಳಾದ ವಾರವೇ ನನ್ನ ನಂಬರು ಹೇಗೋ ಹುಡುಕಿ, "ಬೋರ್ಡಲ್ಲಿ ಬೇರೆ ಯಾರೋ ಮಾತಾಡಿದ್ರು, ನಿಮಗೆ ಹುಷಾರಿಲ್ವೇನೋ ಅಂದ್ಕೊಂಡೆ" ಎಂದು ಕೇಳಿದರು. ಆಮೇಲೆ ಅವರು ಅಂಗಡಿಯನ್ನು, ಬಸ್ಸಿನಲ್ಲಿ ಹೋದರೆ ನಾಲ್ಕು ಗಂಟೆಯಾಗುವಷ್ಟು ದೂರದ ಊರಿಗೆ ಸಾಗಿಸಿದರು. ಮಾತು ಮಾತ್ರ ನಿಲ್ಲಲಿಲ್ಲ. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ನಿನ್ನ ನೆಟ್ ಫೋನ್ ಕುಣಿಯುತ್ತಿತ್ತು.

ಹೋದ ಭಾನುವಾರ ಅವರು ಮದುವೆಯ ಮಾತೆತ್ತಿದರು. ಹೌದು, ನನ್ನದೇ ಮದುವೆ, ಈ ಅರವತ್ತೊಂದರಲ್ಲಿ. ನಕ್ಕು ಮುಗಿಸಿ ಮುಂದೆ ಓದು.

ನನಗೆ ಇಷ್ಟವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಒಂದು ಮಾತು ಕೇಳಿಬಿಡೋಣವೆಂದು ಕೇಳಿದೆ: "ನಿಮಗೆ ಬೇಕಾಗಿರೋದು ನಾನಾ, ಇಲ್ಲ ಮನೇಲಿ ಯಾರಾದ್ರೂ ಒಬ್ರು ಇದ್ರೆ ಸಾಕಾ?"

ಎಣಿಸಿದೆ. ಒಂದು. ಎರಡು. ಆಮೇಲೆ "ನೀವೇ" ಎಂದರು.

ಎರಡು ಎಣಿಸುವಷ್ಟು ಹೊತ್ತು, ಚೂಟಿ! ನನ್ನ ಕಿವಿ ನಿನಗೆ ಗೊತ್ತು. ರಜೆಯಲ್ಲಿರುವ ಡಾಕ್ಟರಿಗೆ ತುರ್ತು ಕರೆ ಕೊಟ್ಟಾಗ, ಅವರು ಒಂದು ಎಣಿಸುವಷ್ಟು ಸುಮ್ಮನಿದ್ದು "ಹೊರಟೆ" ಎಂದರೆ ಇನ್ನೂ ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿದ್ದಾರೆ ಎಂದೇ ಅರ್ಥ. ನಿಜ ಹೇಗಿದ್ದರೆ ಹಾಗೆ ಓಡಿ ಬರುತ್ತದೆ, ಸುಳ್ಳಿಗೆ ಬಟ್ಟೆ ಉಡಿಸಿ ಕಳಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಹದಿನೆಂಟು ವರ್ಷದಲ್ಲಿ ಈ ಮನುಷ್ಯ ಒಂದು ಸಲವೂ ತಡವರಿಸಿದವರಲ್ಲ. ತಡವರಿಸಿದ್ದು ಈ ಒಂದು ಮಾತಿಗೆ. ಅದೂ ಆ ಎರಡು ಎಣಿಕೆಯಲ್ಲಿ ಉಸಿರಿಲ್ಲ, ಕೆಮ್ಮಿಲ್ಲ, ಕುರ್ಚಿಯ ಸದ್ದಿಲ್ಲ, ಬರೀ ಸುಯ್ ಎನ್ನುವ ಶಬ್ದ. ಕರೆ ಕತ್ತರಿಸಿದೆ. ಹದಿನಾಲ್ಕು ಸಲ ಮಾಡಿದರು, ಎತ್ತಲಿಲ್ಲ. "ಬೇಡ" ಎಂದು ಕಾಗದ ಬರೆದಿಟ್ಟಿದ್ದೇನೆ. ಸ್ಟಾಂಪು ಮುಗಿದಿದೆ, ಅದಕ್ಕೇ ಇನ್ನೂ ಹಾಕಿಲ್ಲ.

ನಿನ್ನ, ಕಿವಿ ಇನ್ನೂ ನೆಟ್ಟಗಿರುವ
ಚಿಕ್ಕಮ್ಮ


ಫೆಬ್ರವರಿ 16

ಪ್ರೀತಿಯ ಚಿಕ್ಕಮ್ಮ,

ಮೊದಲು ಕಾಗದವನ್ನು ಎದೆಗೆ ಒತ್ತಿಕೊಂಡೆ. ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕೊನೆಗೆ ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಸ್ಟಾಂಪು ಮುಗಿದಿದ್ದರೆ ನನಗೆ ಬಂದ ಲಕೋಟೆಯ ಮೇಲೆ ಅಂಟಿದ್ದ ಎರಡು ಸ್ಟಾಂಪು ಎಲ್ಲಿಂದ ಉದುರಿದವು? ನೀನು ಆ "ಬೇಡ" ಎಂಬ ಕಾಗದವನ್ನು ಬೇಕೆಂದೇ ಹಾಕಿಲ್ಲ. ನನಗೂ ಸ್ವಲ್ಪ ಕಿವಿ ಇದೆ.

ನಿನ್ನ ಅಳತೆಗೋಲು ತಪ್ಪು ಎನ್ನುತ್ತಿಲ್ಲ. ಅದು ಹಳೆಯ ತಂತಿಯ ಅಳತೆಗೋಲು, ಅಷ್ಟೇ. ಕಚೇರಿಗಳಿಗೆ ನೆಟ್ ಫೋನ್ ಕೂರಿಸುವುದೇ ನನ್ನ ಹೊಟ್ಟೆಪಾಡು. ದಿನ ಬೆಳಗಾದರೆ ಇದೇ ದೂರು. "ನಮ್ಮ ಮ್ಯಾನೇಜರ್ ನನ್ನ ಮಾತಿಗೆ ತಡವಾಗಿ ಉತ್ತರ ಕೊಡ್ತಾರೆ, ಕೋಪ ಇರ್ಬೇಕು" ಎಂದು ಹೋದ ವಾರ ಒಬ್ಬರು ಕಣ್ಣೀರು ಹಾಕಿದರು. ಮ್ಯಾನೇಜರಿಗೆ ಕೋಪವಿರಲಿಲ್ಲ, ಮೂಲೆಯಲ್ಲಿದ್ದ ಡಬ್ಬಿ ಕೆಟ್ಟಿತ್ತು. ದಾರಿಯ ತಪ್ಪನ್ನು ದಾರಿಹೋಕನ ತಲೆಗೆ ಕಟ್ಟಬಾರದಲ್ಲವೇ?

ನೀನು ಫೋನ್ ಎತ್ತುವುದಿಲ್ಲ, ನಾನು ಈ ತಿಂಗಳು ಬರುವ ಹಾಗಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ನೆಟ್ಟಿನಲ್ಲಿ ದನಿ ಹೇಗೆ ಹೋಗುತ್ತದೆ ಎಂದು ಏಳು ಕಾರ್ಡುಗಳಲ್ಲಿ ಬರೆದು ಕಳಿಸುತ್ತೇನೆ, ನೆಟ್ಟು ಕಳಿಸುವ ಹಾಗೆಯೇ. ಒಂದೊಂದು ಕಾರ್ಡಿಗೂ ಒಂದೊಂದು ದಾರಿ. ಕೆಲವು ಅಂಚೆಯಲ್ಲಿ, ಕೆಲವು ನಿಮ್ಮೂರ ಕಡೆ ಹೊರಟ ಸಹೋದ್ಯೋಗಿಗಳ ಕೈಯಲ್ಲಿ. ಪ್ರತಿಯೊಂದರ ಮೇಲೂ ನಂಬರು ಇರುತ್ತದೆ. ಎಲ್ಲ ಬಂದು ಓದಿ ಮುಗಿಸುವ ತನಕ ಮಾಸ್ಟರಿಗೆ ನೀನು "ಬೇಡ" ಎನ್ನಕೂಡದು. ಸಿಟ್ಟಿನಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನನಗೆ ಹೇಳಿಕೊಟ್ಟವಳು ನೀನೇ.

ನಿನ್ನ ಮೂಗಿನ ಕಾವಲುಗಾರ್ತಿ
ಚೂಟಿ


ಏಳು ಕಾರ್ಡು, ಬರೆದದ್ದು ಫೆಬ್ರವರಿ 18
(ಬಂದ ದಿನವನ್ನು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದವಳು ಚಿಕ್ಕಮ್ಮ)

ಕಾರ್ಡು 1. ಬಂದದ್ದು ಫೆ. 20.
ಮಾಸ್ಟರ್ ಮಾತಾಡಿದರೆ ಗಾಳಿ ಅಲುಗುತ್ತದೆ. ಅವರ ಫೋನು ಆ ಅಲುಗಾಟವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಅವರು ತೋಳಿನ ಅಳತೆ ಬರೆದುಕೊಳ್ಳುತ್ತಾರಲ್ಲ, ಹಾಗೆ. ನಿನ್ನ ಕಡೆಯ ಫೋನು ಆ ಅಳತೆ ನೋಡಿಕೊಂಡು ದನಿಯನ್ನು ಮತ್ತೆ ಹೊಲಿಯುತ್ತದೆ. ಬರುವುದು ದನಿಯಲ್ಲ, ದನಿಯ ಅಳತೆ. ಚೂಟಿ.

ಕಾರ್ಡು 2. ಬಂದದ್ದು ಫೆ. 21.
ನಿನ್ನ ಬೋರ್ಡಿನಲ್ಲಿ ನೀನು ತಂತಿಯ ತುದಿ ಚುಚ್ಚಿದರೆ ಇಬ್ಬರ ನಡುವೆ ಒಂದು ದಾರಿ ಪೂರ್ತಿ ಅವರಿಗೇ ಮೀಸಲು. ಮಾತಾಡಲಿ ಬಿಡಲಿ, ಬೇರೆ ಯಾರೂ ಕಾಲಿಡುವಂತಿಲ್ಲ. ನೆಟ್ಟಿನಲ್ಲಿ ಮೀಸಲಿಲ್ಲ. ದನಿಯ ಅಳತೆಯನ್ನು ಸೆಕೆಂಡಿಗೆ ಐವತ್ತು ತುಣುಕು ಮಾಡಿ, ಒಂದೊಂದಕ್ಕೂ ನಂಬರು, ವಿಳಾಸ ಬರೆದು, ಎಲ್ಲರೂ ಓಡಾಡುವ ರಸ್ತೆಗೆ ಬಿಡುತ್ತದೆ. ಚೂಟಿ.

ಕಾರ್ಡು 4. ಬಂದದ್ದು ಫೆ. 23.
ತುಣುಕುಗಳು ಹಿಂದುಮುಂದಾಗಿ ಬರುವುದರಿಂದ ನಿನ್ನ ಫೋನಿನೊಳಗೆ ಒಂದು ಪುಟ್ಟ ಕಾಯುವ ಕೋಣೆ ಇದೆ. ಬಂದವರನ್ನು ಅಲ್ಲಿ ಕೂರಿಸಿ, ನಂಬರಿನ ಪ್ರಕಾರ ಸಾಲು ಮಾಡಿ, ಆಮೇಲೆ ಒಳಗೆ ಬಿಡುತ್ತದೆ. ಈ ಕಾಯುವಿಕೆಯೂ ಸೇರಿಯೇ ಮಾತು ನಿನಗೆ ತಡವಾಗಿ ಕೇಳಿಸುವುದು. ಕೋಣೆಯ ಬಾಗಿಲು ಹಾಕಿದ ಮೇಲೆ ಬಂದವನು ಎಷ್ಟೇ ದೊಡ್ಡವನಾದರೂ ಹೊರಗೇ. ಚೂಟಿ.

ಕಾರ್ಡು 3. ಬಂದದ್ದು ಫೆ. 24. ಕಾಫಿಯ ಕಲೆ ಇದೆ.
ಒಂದೇ ಮಾತಿನ ತುಣುಕುಗಳು ಒಂದೇ ದಾರಿಯಲ್ಲಿ ಬರಬೇಕೆಂದಿಲ್ಲ. ಯಾವ ತಿರುವಿನಲ್ಲಿ ಜನಜಂಗುಳಿ ಕಡಿಮೆಯೋ ಆ ಕಡೆ ನುಗ್ಗುತ್ತವೆ. ಹಾಗಾಗಿ ಹಿಂದೆ ಹೊರಟದ್ದು ಮುಂದೆ ತಲುಪುವುದುಂಟು. ಈ ಕಾರ್ಡೇ ಸಾಕ್ಷಿಯಾದರೆ ನನ್ನನ್ನು ಬೈಯಬೇಡ. ಚೂಟಿ.

ಕಾರ್ಡು 7. ಬಂದದ್ದು ಫೆ. 26.
ಇದು ಮುಖ್ಯ. ಮನುಷ್ಯ ಸುಮ್ಮನಾದರೆ ಈ ಫೋನು ಏನನ್ನೂ ಕಳಿಸುವುದಿಲ್ಲ. ಬರೀ ಮೌನಕ್ಕೆ ಯಾಕೆ ದಾರಿ ಸವೆಸಬೇಕು ಎಂದು ಜಿಪುಣತನ. ಆದರೆ ಪೂರ್ತಿ ನಿಶ್ಶಬ್ದವಾದರೆ ನೀನು ಕರೆ ಕಡಿಯಿತು ಎಂದುಕೊಳ್ಳುತ್ತೀಯ. ಅದಕ್ಕೆ ನಿನ್ನ ಫೋನೇ ಸುಯ್ ಎಂದು ಒಂದು ಸುಳ್ಳು ಶಬ್ದ ಹುಟ್ಟಿಸಿ ಕೇಳಿಸುತ್ತದೆ. ಮಾತಲ್ಲದ ಸಣ್ಣಪುಟ್ಟ ಸದ್ದುಗಳನ್ನೂ ಆ ಕಡೆಯ ಫೋನು ಗಲಾಟೆ ಎಂದುಕೊಂಡು ಅಳಿಸಿಹಾಕುತ್ತದೆ. ಆ ಎರಡು ಎಣಿಕೆಯಲ್ಲಿ ನೀನು ಕೇಳಿದ್ದು ಮಾಸ್ಟರನ್ನಲ್ಲ, ನಿನ್ನ ಕೈಯಲ್ಲಿದ್ದ ಫೋನನ್ನು. ಚೂಟಿ.

ಕಾರ್ಡು 6. ಬಂದದ್ದು ಫೆ. 27.
ತುಣುಕು ದಾರಿಯಲ್ಲೇ ಕಳೆದುಹೋದರೆ ಮತ್ತೆ ಕಳಿಸಿ ಎಂದು ಕೇಳುತ್ತಾ ಕೂರಲು ಫೋನಿಗೆ ಹೊತ್ತಿಲ್ಲ. ಅದಕ್ಕೆ ಮುಂಚೆ ಬಂದ ತುಣುಕು ಹೇಗಿತ್ತೋ ಅದೇ ಥರದ್ದೊಂದನ್ನು ತಾನೇ ಮಾಡಿ ತೂತಿಗೆ ತೇಪೆ ಹಾಕುತ್ತದೆ. ಒಂದೆರಡಾದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ನಿನ್ನ ಕಿವಿಗೂ! ಚೂಟಿ.


ಮಾರ್ಚ್ 4

ಚೂಟಿ,

ನಿನ್ನ ಮನೆ ಕಾಯ! ಹತ್ತು ದಿನ ನನ್ನನ್ನು ಬಾಗಿಲಿಗೆ ಕಟ್ಟಿಹಾಕಿದೆಯಲ್ಲೇ. ಅಂಚೆಯವರು ನನ್ನನ್ನು ಕಂಡರೆ ಸೈಕಲ್ ಬೇಗ ತುಳಿಯುವ ಹಾಗಾಗಿದೆ. ಕಾರ್ಡುಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಫ್ಯಾನಿನ ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಚಮಚ ಇಟ್ಟೆ. ನಾಲ್ಕು ಬಂದಾಗ ಮೂರರ ಜಾಗ ಖಾಲಿ ಬಿಟ್ಟು ಕಾದೆ. ಕಾಯುವ ಕೋಣೆ ಎಂದರೆ ನಾನೇ ಎಂದು ಆಗ ಹೊಳೆದು ಒಬ್ಬಳೇ ನಕ್ಕೆ. ಪಕ್ಕದ ಮನೆಯ ಟೀಚರ್ ಕಿಟಕಿಯಿಂದ ನೋಡಿದರು.

ಐದು ಮಾತ್ರ ಬರಲಿಲ್ಲ. ಯಾರ ಕೈಯಲ್ಲಿ ಕಳಿಸಿದ್ದೆಯೋ ಅವರ ಜೇಬಿನಲ್ಲೇ ಒಗೆತಕ್ಕೆ ಹೋಗಿರಬೇಕು. ಹೋಗಲಿ ಬಿಡು, ಅದರಲ್ಲಿ ಏನಿತ್ತೆಂದು ಊಹಿಸಲಾರದಷ್ಟು ದಡ್ಡಿಯಲ್ಲ ನಾನು. ನಾಲ್ಕರಲ್ಲಿ ಮಾತು ಏಕೆ ತಡವಾಗುತ್ತದೆ ಎಂದು ಬರೆದಿದ್ದೀಯ. ಅದರ ಬೆನ್ನಿಗೇ ಬರುವ ಐದರಲ್ಲಿ "ಎರಡು ಎಣಿಸುವಷ್ಟು ತಡ ನೆಟ್ಟಿಗೆ ಮಾಮೂಲು, ಮಾಸ್ಟರ್ ತಟ್ಟನೆಯೇ ಹೇಳಿದ್ದರು" ಎಂದಲ್ಲದೆ ಇನ್ನೇನು ಬರೆದಿರುತ್ತೀಯ?

ಅಂತೂ ಸ್ವೆಟರುಗಳ ಅಡಿಯಿಂದ ಫೋನನ್ನು ಹೊರಗೆಳೆದು ಮೊನ್ನೆ ಭಾನುವಾರ ನಾನೇ ಕರೆ ಮಾಡಿದೆ. ಎತ್ತಿದವರು ಒಂದು ಮಾತೂ ಬೈಯಲಿಲ್ಲ. "ಸದ್ಯ, ನೆಟ್ ಸರಿ ಹೋಯ್ತಲ್ಲ" ಎಂದರು! ಮೂರು ವಾರವೂ ನೆಟ್ಟೇ ಕೆಟ್ಟಿದೆ ಎಂದುಕೊಂಡಿದ್ದರಂತೆ ಪುಣ್ಯಾತ್ಮ. ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಆಮೇಲೆ ಇಬ್ಬರೂ ಒಂದೇ ಸಲ ಬಾಯಿ ತೆರೆದು, ಒಂದೇ ಸಲ ನಿಂತು, "ನೀವು ಹೇಳಿ", "ಇಲ್ಲ, ನೀವು ಹೇಳಿ" ಎನ್ನುವುದರಲ್ಲೇ ಅರ್ಧ ಗಂಟೆ ಕಳೆಯಿತು. ಈಗ ನನಗೆ ಬೇಸರವಿಲ್ಲ. ಅವರು ಸುಮ್ಮನಾದಾಗಲೆಲ್ಲ ತುಣುಕುಗಳು ಓಡೋಡಿ ಬರುತ್ತಿವೆ ಎಂದುಕೊಂಡು ತಾಳುತ್ತೇನೆ.

ಮದುವೆಯ ಮಾತಿಗೆ ಬರುವ ಭಾನುವಾರ ಉತ್ತರ ಹೇಳುತ್ತೇನೆ ಎಂದಿದ್ದೇನೆ. ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಹಳದಿ ಸೀರೆ ತೆಗೆದಿಟ್ಟಿದ್ದೇನೆ. ಫೋನಿನಲ್ಲಿ ಕಾಣುವುದಿಲ್ಲ ಎಂದು ಗೊತ್ತು, ಆದರೂ ಉಡುತ್ತೇನೆ.

ಸಂತೋಷದಿಂದ
ಚಿಕ್ಕಮ್ಮ


ಮಾರ್ಚ್ 7

ಚಿಕ್ಕಮ್ಮ,

ಈ ಕಾಗದವನ್ನು ಅಂಚೆಗೆ ಹಾಕುವ ಧೈರ್ಯವಾಗಲಿಲ್ಲ. ಭಾನುವಾರದೊಳಗೆ ಮುಟ್ಟಲೇಬೇಕೆಂದು ಕಚೇರಿಯ ಗೆಳತಿಯನ್ನು ಬಸ್ಸು ಹತ್ತಿಸಿ ಕಳಿಸುತ್ತಿದ್ದೇನೆ. ಅವಳಿಗೆ ಕಾಫಿ ಕೊಡು.

ಐದನೇ ಕಾರ್ಡಿನಲ್ಲಿ ನೀನು ಊಹಿಸಿದ್ದು ಇರಲಿಲ್ಲ. ಅದರ ನಕಲು ನನ್ನ ಬಳಿ ಇದೆ, ಹಾಗೇ ಬರೆಯುತ್ತೇನೆ: "ನಿನ್ನ ಮನೆಗೂ ಮಾಸ್ಟರ್ ಊರಿಗೂ ನಡುವಿನ ದಾರಿಯನ್ನು ಇಲ್ಲಿಂದಲೇ ಅಳೆದು ನೋಡಿದೆ. ಹೋಗುವುದು, ಬರುವುದು, ಕಾಯುವ ಕೋಣೆ, ಎಲ್ಲ ಸೇರಿ ತಡವಾಗುವುದು ಕಾಲು ಸೆಕೆಂಡು. ರಸ್ತೆ ತೀರಾ ಕೆಟ್ಟ ದಿನ ಅರ್ಧ. ಅದಕ್ಕಿಂತ ಹೆಚ್ಚಾದದ್ದು ನೆಟ್ಟಿನದಲ್ಲ."

ನೀನು ಎರಡು ಎಣಿಸಿದರೆ ಗಡಿಯಾರದಲ್ಲೂ ಎರಡೇ ಸೆಕೆಂಡು. ನಾನು ಚಿಕ್ಕವಳಿದ್ದಾಗ ಮೊಟ್ಟೆ ಬೇಯಿಸಲು ನಿನ್ನನ್ನೇ ನಿಲ್ಲಿಸಿ ಎಣಿಸಲು ಹೇಳುತ್ತಿದ್ದೆವು. ಅಲ್ಲಿಗೆ ಅರ್ಧ ಸೆಕೆಂಡು ನೆಟ್ಟಿನದು ಎಂದರೂ ಇನ್ನೂ ಒಂದೂವರೆ ಉಳಿಯುತ್ತದೆ. ಆ ಒಂದೂವರೆ ಸೆಕೆಂಡು ಮಾಸ್ಟರದ್ದೇ.

ನಿಜ ಹೇಳಲೇ? ನಿನ್ನ ಕಾಗದ ಓದಿದ ಮೇಲೆ ಒಂದು ಪೂರ್ತಿ ದಿನ ಸುಮ್ಮನಿದ್ದೆ. ಹಾಳಾದ ಕಾರ್ಡು ಕಳೆದುಹೋದದ್ದೇ ಒಳ್ಳೆಯದಾಯಿತು, ಚಿಕ್ಕಮ್ಮ ಹಳದಿ ಸೀರೆ ಉಡಲಿ, ಬಾಯಿಗೆ ಬೀಗ ಹಾಕಿಕೊಂಡು ಇದ್ದುಬಿಡೋಣ ಎನ್ನಿಸಿತು. ಆಗಲಿಲ್ಲ. ಜೀವನಪೂರ್ತಿ ಜನರ ಮಾತನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿದವಳು ನೀನು. ನಿನಗೇ ನಾನು ಅರ್ಧ ಮಾತು ಮುಟ್ಟಿಸಿ ಮದುವೆಗೆ ಕಳಿಸಲಾರೆ.

ಆದರೆ ಏಳನೆಯದನ್ನು ಇನ್ನೊಮ್ಮೆ ಓದು. ಆ ಒಂದೂವರೆ ಸೆಕೆಂಡಿನಲ್ಲಿ ಆ ಕಡೆ ಏನು ನಡೆಯಿತೋ ಅದನ್ನು ಫೋನು ಕಳಿಸಲೇ ಇಲ್ಲ. ಅದು ಸುಳ್ಳಿಗೆ ಬಟ್ಟೆ ಉಡಿಸುವ ಹೊತ್ತೇ ಇರಬಹುದು, ಬೇರೆ ಏನಾದರೂ ಇರಬಹುದು. ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿರುವವರು ನಾಲ್ಕು ಗಂಟೆಯ ದೂರದಲ್ಲಿದ್ದಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನೀನು ಇನ್ನೂ ಪ್ರತ್ಯಕ್ಷವೇ ಕಂಡಿಲ್ಲ. ಫೋನಿನಲ್ಲಿ ಹೌದು ಎನ್ನಬೇಡ, ಅಲ್ಲ ಎಂದೂ ಅನ್ನಬೇಡ. ಹೋಗಿ ಎದುರಿಗೆ ನಿಂತು ಕೇಳು.

ಬೈಯುವುದಿದ್ದರೆ ಬೈದು ಬರೆ, ಸುಮ್ಮನೆ ಮಾತ್ರ ಇರಬೇಡ.

ಚೂಟಿ


ಮಾರ್ಚ್ 23

ಮಾನ್ಯ ಮೇಡಂ ಅವರಿಗೆ,

ನಾನು ಟೈಲರ್. ನಿಮಗೊಂದು ಕೋಟು ಹೊಲಿದು ಕಳಿಸಲೆಂದು ನಿಮ್ಮ ಆಫೀಸಿನ ವಿಳಾಸವನ್ನು ನಿಮ್ಮ ಚಿಕ್ಕಮ್ಮನವರು ಹಿಂದೊಮ್ಮೆ ಕೊಟ್ಟಿದ್ದರು. ಬಟ್ಟೆ ತೆಗೆದಿಟ್ಟಿದ್ದೇನೆ, ಅಳತೆ ಇನ್ನೂ ಬಂದಿಲ್ಲ. ಈಗ ಬರೆಯುತ್ತಿರುವುದು ಕೋಟಿನ ವಿಷಯವಲ್ಲ.

ಎಂಟನೇ ತಾರೀಕು ಭಾನುವಾರ ಅವರು ಒಂದು ವಿಷಯಕ್ಕೆ ಉತ್ತರ ಹೇಳುತ್ತೇನೆ ಎಂದಿದ್ದರು. ಹೇಳಲಿಲ್ಲ. ಅಂದಿನಿಂದ ಅವರ ಫೋನು ಆರಿದೆ. ಮೊದಲ ಸಲ ಹೀಗಾದಾಗ ನೆಟ್ ಹೋಗಿದೆ ಎಂದುಕೊಂಡು ಕಾದೆ. ಎರಡನೇ ಸಲವೂ ಹಾಗೆಂದುಕೊಳ್ಳುವಷ್ಟು ಮಂಕ ನಾನಲ್ಲ, ಸ್ವಲ್ಪ ನಿಧಾನ, ಅಷ್ಟೇ.

ನಾನು ಕೇಳಿದ್ದು ತಪ್ಪಾಗಿದ್ದರೆ ಮರೆತುಬಿಡಲು ಹೇಳಿ. ಮದುವೆ ಬೇಡವಾದರೆ ಬೇಡ. ಭಾನುವಾರದ ಮಾತು ನಿಂತುಹೋಗುವುದು ಬೇಡ. ನಾಲ್ಕು ಗಂಟೆಯಾದರೆ ಮೆಷೀನು ನಿಲ್ಲಿಸಿ ಸುಮ್ಮನೆ ಕೂರುತ್ತೇನೆ, ಗಿರಾಕಿಗಳು ಹುಷಾರಿಲ್ಲವೇ ಎಂದು ಕೇಳುತ್ತಾರೆ. ಅವರು ಚೆನ್ನಾಗಿದ್ದಾರೆ ಎಂದು ಒಂದು ಸಾಲು ಬರೆದರೆ ಸಾಕು. ನಿಮ್ಮ ಭುಜದ ಅಳತೆಯನ್ನೂ ಅದರಲ್ಲೇ ಬರೆಯಿರಿ.

ವಿಶ್ವಾಸವಿರಲಿ
ಟೈಲರ್


ಏಪ್ರಿಲ್ 6

ಚೂಟಿ,

ಬೈಯುವುದಿದ್ದರೆ ಬೈ ಎಂದಿದ್ದೆಯಲ್ಲ, ತಿಂಗಳಿಡೀ ಮನಸ್ಸಿನಲ್ಲೇ ಬೈದೆ. ಬರೆದಿದ್ದರೆ ಕಾಗದ ಸಾಲುತ್ತಿರಲಿಲ್ಲ. ಆ ಭಾನುವಾರ ಹಳದಿ ಸೀರೆ ಉಟ್ಟು, ಫೋನು ಆರಿಸಿ, ಆರು ಕಾರ್ಡುಗಳ ಮುಂದೆ ಕೂತು ಅತ್ತೆ. ನೀನು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂದು ಅತ್ತೆ. ಹೇಳಿದ್ದರೆ ನಿನ್ನನ್ನು ಎಂದೂ ಕ್ಷಮಿಸುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ನೀನು ಕಳಿಸಿದ ಮಾಸ್ಟರ್ ಕಾಗದ ಮೊನ್ನೆ ಬುಧವಾರ ಬಂತು. "ಭಾನುವಾರದ ಮಾತು ನಿಂತುಹೋಗುವುದು ಬೇಡ" ಎಂಬಲ್ಲಿಗೆ ಬಂದಾಗ ಸಾಕಪ್ಪಾ ಸಾಕು ಎನಿಸಿತು. ಶನಿವಾರ ಬೆಳಗಿನ ಬಸ್ಸು ಹತ್ತಿದೆ.

ಅವರ ಅಂಗಡಿ ಒಂದು ಬೀದಿಯ ಕೊನೆಯಲ್ಲಿ, ಬೀಗದ ಕೈ ಮಾಡುವವರ ಪಕ್ಕ. ಮೂರು ಮೆಟ್ಟಿಲು ಹತ್ತಬೇಕು. ಒಳಗೆ ಎರಡು ಮೆಷೀನು, ಒಂದು ಉದ್ದನೆಯ ಮೇಜು, ಮೊಳೆಗೆ ನೇತುಹಾಕಿದ ಕಂದು ಕಾಗದದ ಅಳತೆಗಳು. ನೆಟ್ ಫೋನನ್ನು ನೂಲಿನ ಉಂಡೆಗಳ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದರು, ಮೆಷೀನಿನ ಪಕ್ಕದಲ್ಲೇ, ಕೈಯಲ್ಲಿ ಹಿಡಿಯದೆ ಮಾತಾಡಲು. ತಲೆಯಿಲ್ಲದ ಬೊಂಬೆಗೆ ಒಂದು ಕೋಟು ತೊಡಿಸಿ, ನನಗೆ ಬೆನ್ನು ಹಾಕಿ, ತೋಳು ಕೂಡಿಸುತ್ತಿದ್ದರು. ಕೂದಲು ನಾನು ನೆನೆದದ್ದಕ್ಕಿಂತ ಬಿಳಿಯಾಗಿದೆ.

ಬಾಗಿಲಲ್ಲಿ ನಿಂತು ಕೆಮ್ಮಿದೆ. ತಿರುಗಿದರು. ಕಣ್ಣು ಅಗಲವಾದವು. ಬರೀ "ಹ್ಞೂಂ, ಹ್ಞೂಂ" ಎಂದು ಸ್ಟೂಲು ತೋರಿಸಿದರು. ನಾಲ್ಕು ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದವಳಿಗೆ ಇದೇನಪ್ಪ ಮರ್ಯಾದೆ ಎಂದು ನನಗೆ ರೇಗಿತು. ಕೂತರೆ ಧೈರ್ಯ ಇಳಿದುಹೋದೀತೆಂದು ನಿಂತೇ ಕೇಳಿಬಿಟ್ಟೆ, ಅದೇ ಮಾತು, ಅಕ್ಷರವೂ ಬದಲಿಸದೆ. "ನಿಮಗೆ ಬೇಕಾಗಿರೋದು ನಾನಾ, ಇಲ್ಲ ಮನೇಲಿ ಯಾರಾದ್ರೂ ಒಬ್ರು ಇದ್ರೆ ಸಾಕಾ?"

ಒಂದು, ಎರಡು. ಅವರು ಮೇಜಿನ ಮೇಲಿಂದ ಒಂದು ತಗಡಿನ ಮುಚ್ಚಳ ಎಳೆದುಕೊಂಡರು. ಮೂರು. ತುಟಿಗಳ ನಡುವಿನಿಂದ ಒಂದು ಗುಂಡುಸೂಜಿ ತೆಗೆದು ಮುಚ್ಚಳಕ್ಕೆ ಹಾಕಿದರು, ಟಿಕ್. ಇನ್ನೊಂದು, ಟಿಕ್. ಒಟ್ಟು ಏಳು ಸೂಜಿ, ಚೂಟಿ! ಏಳನ್ನೂ ಹಾಕಿ, ಕೊರಳಿನ ಟೇಪು ತೆಗೆದಿಟ್ಟು, ಅಂಗಿಯ ಮೇಲಿನ ನೂಲು ಕೊಡವಿ, ಆಮೇಲೆ ನನ್ನ ಮುಖ ನೋಡಿ ಹೇಳಿದರು. "ನೀವೇ. ಯಾರಾದ್ರೂ ಒಬ್ರು ಸಾಕು ಅನ್ನೋದಾಗಿದ್ರೆ ಒಂಬತ್ತು ವರ್ಷ ಯಾಕೆ ಒಬ್ನೇ ಇರ್ತಿದ್ದೆ?"

ನನ್ನ ಕಣ್ಣು ಆ ಮುಚ್ಚಳದ ಮೇಲೇ ಇತ್ತು. "ಅವತ್ತೂ ಬಾಯಲ್ಲಿ ಸೂಜಿ ಇತ್ತಾ?" ಎಂದು ಕೇಳಿದೆ.

"ಇತ್ತು. ಅವತ್ತು ಮೂರೇ. ಮದುವೆ ವಿಷಯ ಕೇಳಿ ಮುಗಿಸೋ ಅಷ್ಟ್ರಲ್ಲಿ ಸುಮ್ನೆ ಕೂರೋಕಾಗ್ಲಿಲ್ಲ. ಏನಾದ್ರೂ ಹೊಲೀತಾ ಕೂತ್ರೆ ಸರಿಹೋಗುತ್ತೆ ಅಂತ ಬಾಯಿಗೆ ಹಾಕ್ಕೊಂಡೆ. ಅಷ್ಟ್ರಲ್ಲಿ ನೀವು ಹಂಗೆ ಕೇಳಿದ್ರಿ."

"ಆಸ್ಪತ್ರೆಗೆ ಫೋನ್ ಮಾಡ್ತಿದ್ದಾಗ ಯಾವತ್ತೂ ಹೀಗೆ ತಡ ಮಾಡ್ತಿರ್ಲಿಲ್ವಲ್ಲ?"

"ಆಗ ಫೋನು ಗೋಡೆ ಮೇಲಿತ್ತಲ್ಲ ಮೇಡಂ. ಮೇಜು ಬಿಟ್ಟು ಎದ್ದು ಬರ್ಬೇಕಿತ್ತು. ಸೂಜಿ ಅಲ್ಲೇ ಬಿಟ್ಟು ಬರ್ತಿದ್ದೆ."

"ಈಗ್ಲೂ ಬೇರೆ ಮಾತಿಗೆಲ್ಲ ತಟ್ಟನೆ ಹೇಳ್ತೀರಲ್ಲ?"

ಅದಕ್ಕೆ ಅವರು ಏನೆಂದರು ಗೊತ್ತೇ? "ಊಟ ಆಯ್ತಾ ಅಂದ್ರೆ ಸೂಜಿ ಇಟ್ಕೊಂಡೇ ಹ್ಞೂಂ ಅಂದ್ಬಿಡ್ತೀನಿ. ಈ ಮಾತಿಗೆ ಹಂಗೆ ಅನ್ನೋಕಾಗುತ್ತಾ? ಎಲ್ಲಾ ತೆಗೆದಿಟ್ಟು ಸರಿಯಾಗಿ ಹೇಳ್ಬೇಕಲ್ವಾ?"

ಸ್ಟೂಲಿನ ಮೇಲೆ ಕುಸಿದೆ. ಹಳೆಯ ತಂತಿಯಾಗಿದ್ದರೆ ಮೊದಲನೇ ಟಿಕ್ಕಿಗೇ ಹಿಡಿದುಬಿಡುತ್ತಿದ್ದೆ, ನಿನ್ನ ಜಾಣ ಫೋನು ಅದನ್ನು ಗಲಾಟೆ ಎಂದು ಅಳಿಸಿ ನನಗೆ ಸುಯ್ ಎಂದು ಊದಿತು. ಅದರ ಮೇಲೆ ಪೂರ್ತಿ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ತಡವಾದರೆ ಸುಳ್ಳು ಎಂದು ಮೂವತ್ತೊಂದು ವರ್ಷ ನಂಬಿದವಳು ನಾನು. ನಿಜವನ್ನೂ ಕೆಲವರು ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ, ಅದಕ್ಕೂ ಹೊತ್ತು ಹಿಡಿಯುತ್ತದೆ ಎಂದು ಬೋರ್ಡಿನ ಮುಂದೆ ಕೂತವಳಿಗೆ ಯಾರು ಹೇಳಬೇಕು? ಎಷ್ಟು ಜನರ ಮಾತನ್ನು ಹೀಗೆ ತಪ್ಪು ತೂಗಿದೆನೋ ಎಂದು ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಆ ಚಪ್ಪಲಿ ಹುಡುಕುವ ಡಾಕ್ಟರ್ ಮಾತ್ರ ಸುಳ್ಳೇ ಹೇಳುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ.

ಆಮೇಲೆ ಅವರು ಇನ್ನೊಂದು ಸ್ಟೂಲು ಎಳೆದು ನನ್ನ ಎದುರಿಗೆ ಕೂತು, "ಈಗ ನೀವು ಹೇಳಿ" ಎಂದರು.

ಚೂಟಿ, ತಟ್ಟನೆ ಹೇಳುವವಳು ನಾನು, ಸಾವಿರ ಜನಕ್ಕೆ ಸಾವಿರ ಉತ್ತರ ಕೊಟ್ಟವಳು. ಬೊಂಬೆ ನೋಡಿದೆ, ಕತ್ತರಿ ನೋಡಿದೆ, ನನ್ನ ಚಪ್ಪಲಿ ನೋಡಿದೆ. ಪಕ್ಕದ ಅಂಗಡಿಯಲ್ಲಿ ಬೀಗದ ಕೈಗೆ ಅರ ಹಾಕುವ ಸದ್ದು ಶುರುವಾಗಿ, ನಿಂತು, ಮತ್ತೆ ಶುರುವಾಯಿತು. ಅವರು ಗಡಿಯಾರ ನೋಡಲಿಲ್ಲ, ಸೂಜಿ ಎತ್ತಿಕೊಳ್ಳಲಿಲ್ಲ, "ಏನಾಯ್ತು" ಎಂದು ಕೇಳಲಿಲ್ಲ. ಖಾಲಿ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕಾದರು. ನಾನು ಯಾರನ್ನೂ ಅಷ್ಟು ಹೊತ್ತು ಕಾದವಳಲ್ಲ.

ಕೊನೆಗೆ ನನ್ನ ಬಾಯಿಂದ ಬಂದದ್ದು "ಹ್ಞೂಂ".

"ಹ್ಞೂಂ ಅಂದ್ರೆ? ನಿಮ್ಮ ಬಾಯಲ್ಲೂ ಸೂಜಿ ಇದ್ಯಾ?" ಎಂದು ಕೇಳಿ ಅವರು ನಕ್ಕರು. ಆಗ ಬಾಯಿ ತುಂಬ ಹೇಳಿದೆ. ಬೀದಿಗೆಲ್ಲ ಕೇಳಿಸಿರಬೇಕು, ಬೀಗದ ಅಂಗಡಿಯ ಅರ ಪೂರ್ತಿ ನಿಂತುಹೋಯಿತು.

ನಿನ್ನ
ಚಿಕ್ಕಮ್ಮ